ಒಂಬತ್ತು ಕಂಬಗಳ ಪಂಚನಾಮೆ

ಚಂದ್ರಬಾಯಿಯ ಸೊಂಟ ಮುರಿದದ್ದು 2012ರ ಜುಲೈ 17, ಮಂಗಳವಾರ, ಬೆಳಿಗ್ಗೆ ಎಂಟೂವರೆಗೆ. ಮರಾಠಿ ಸೀಮೆಯ ಕೋಪರಖೈರಣೆಯ ತಿಳಿಗಡಲು ಕನ್ನಡ ಬಳಗದ ಅಂಗಳದಲ್ಲಿ ಒಂದು ಬಯಲು ಮಂಟಪವಿತ್ತು. ಹತ್ತು ಮರದ ಕಂಬ, ಮೇಲೆ ತಗಡಿನ ಮಾಡು. ಅವಳು ಅದರ ಕೆಳಗೆ ಕಸ ಗುಡಿಸುತ್ತಿದ್ದಳು. ಮೂಲೆಯ ಕಂಬ ನೆಲದ ಮಟ್ಟಕ್ಕೆ ಮುರಿಯಿತು. ಅದು ಹೊತ್ತಿದ್ದ ತೊಲೆ ಜಾರಿ ಅವಳ ಮೇಲೆ ಬಿತ್ತು. ಮಳೆ ಇತ್ತು, ಗಾಳಿ ಇರಲಿಲ್ಲ.

ಎರಡು ದಿನ ಬಿಟ್ಟು ಬಳಗದ ಸಮಿತಿ ಕೂಡಿತು. ಠರಾವು ಹೀಗಿತ್ತು: ‘ಉಳಿದ ಒಂಬತ್ತು ಕಂಬಗಳು ಸುಸ್ಥಿತಿಯಲ್ಲಿರುವುದರಿಂದ ಮರದಲ್ಲಿ ದೋಷವಿಲ್ಲ. ಬಿದ್ದ ಕಂಬವನ್ನು ನೆಟ್ಟ ಕೂಲಿಯ ನಿರ್ಲಕ್ಷ್ಯವೇ ಅಪಘಾತಕ್ಕೆ ಕಾರಣ.’

ಆ ಕೂಲಿಯ ಹೆಸರು ಮಾಪಣ್ಣ. ಚಂದ್ರಬಾಯಿಯ ಗಂಡ.

ಮಾಪಣ್ಣ ಜೇವರ್ಗಿ ತಾಲ್ಲೂಕಿನವನು. ಊರಲ್ಲಿ ಅವನನ್ನು ಕೇರಿಯವನು ಎನ್ನುತ್ತಿದ್ದರು. ತುರ್ಭೆಗೆ ಬಂದ ಮೇಲೆ ಗುಲ್ಬರ್ಗ ಎಂದರು. ಹೆಸರು ಹಿಡಿದು ಕರೆದವರು ಕಡಿಮೆ. ಶಂಭು ಸೇಠನ ಮರದ ವಖಾರಿಯಲ್ಲಿ ಹದಿನಾಲ್ಕು ವರ್ಷ ಹಮಾಲಿ ಮಾಡಿದ. ಅವನ ಬಲಹೆಗಲು ಎಡಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಅದರ ಮೇಲೆ ನೊಗ ಹೊತ್ತ ಎತ್ತಿಗೆ ಬರುವಂಥ ಒರಟು ಗಂಟು. ಲಾರಿಯಿಂದ ಇಳಿಯುವ ದಿಮ್ಮಿಯ ವಯಸ್ಸು, ಜಾತಿ, ಹುಳುಕು ಮೂರನ್ನೂ ಅವನು ಬಡಿದು, ಮೂಸಿ, ಉಗುರು ಒತ್ತಿ ಹೇಳುತ್ತಿದ್ದ. ಬಡಗಿಗಳು ಮರ ಕೊಳ್ಳಲು ಬಂದಾಗ ಗುಟ್ಟಾಗಿ ಅವನ ಕಡೆ ನೋಡುತ್ತಿದ್ದರು. ಅವನು ಕಣ್ಣು ಮಿಟುಕಿಸಿದರೆ ಮಾತ್ರ ವ್ಯಾಪಾರ.

ಶಂಭು ಉಡುಪಿ ಕಡೆಯವನು. ವಖಾರಿಯ ಜೊತೆಗೆ ಬಳಗದ ಅಧ್ಯಕ್ಷಗಿರಿಯೂ ಅವನದೇ. ಚಂದ್ರಬಾಯಿಯನ್ನು ಬಳಗದ ಕಸ ಗುಡಿಸುವ ಕೆಲಸಕ್ಕೆ ಇಟ್ಟವನೂ ಅವನೇ. 2009ರಲ್ಲಿ ಮಂಟಪ ಕಟ್ಟುವಾಗ ಹತ್ತು ಕಂಬಗಳನ್ನು ತಾನೇ ದಾನ ಕೊಡುತ್ತೇನೆ ಎಂದ. ಒಂದು ಕಂಬಕ್ಕೆ ತನ್ನ ತಂದೆಯ ಹೆಸರು ಇಟ್ಟುಕೊಂಡ. ಮಂಟಪದ ಉಳಿದ ಖರ್ಚು ಕೊಟ್ಟ ಒಂಬತ್ತು ಮನೆತನಗಳಿಗೆ ಉಳಿದ ಒಂಬತ್ತು ಕಂಬ. ಎಲ್ಲದಕ್ಕೂ ಎದೆಮಟ್ಟದಲ್ಲಿ ಹಿತ್ತಾಳೆ ಫಲಕ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ.

ಕಂಬ ನೆಟ್ಟದ್ದು ಮಾರ್ಚ್ 8ರ ಭಾನುವಾರ. ಹಿಂದಿನ ಎರಡು ದಿನ ಮಾಪಣ್ಣನೇ ಗುಂಡಿ ತೋಡಿದ್ದ. ಎರಡು ಅಡಿ ಆಳ, ಹತ್ತು ಗುಂಡಿ. ಖಾಡಿಯ, ಎಂದರೆ ಕಡಲ ಹಿನ್ನೀರಿನ, ಹತ್ತಿರದ ನೆಲ. ಒಂದೂವರೆ ಅಡಿಗೇ ಉಪ್ಪುನೀರು ಜಿನುಗಿತು. ಅವನಿಗೆ ಆಗಲೇ ಅನುಮಾನ. ಕಂಬಗಳು ಟೆಂಪೋದಿಂದ ಇಳಿದಾಗ ಅನುಮಾನ ಉಳಿಯಲಿಲ್ಲ. ಘಾನಾ ದೇಶದಿಂದ ಕಂಟೇನರಿನಲ್ಲಿ ಬಂದ ಎಳೆಯ ಸಾಗವಾನಿ. ಎಂಟಿಂಚು ದಪ್ಪದ ದುಂಡು ಕಂಬ, ಮೈಗೆಲ್ಲ ಕಂದು ಬಣ್ಣ, ಎರಡು ತುದಿಗೂ ಕೆಂಪು ಬಣ್ಣ.

ಅತಿಥಿಗಳಲ್ಲಿ ಇಬ್ಬರು ಪಂಚೆ ಎತ್ತಿಕಟ್ಟಿ ಒಂದು ಕಂಬವನ್ನು ಎತ್ತಿ ನೋಡಿದರು. ಆಗಲಿಲ್ಲ. ಒಂದೊಂದಕ್ಕೆ ನಾಲ್ಕು ಹೆಗಲು ಬೇಕಿತ್ತು.

“ಭಾರ ನೋಡಿ! ಒಳ್ಳೇ ಮರ ಅಂದ್ರೆ ಹೀಗಿರ್ಬೇಕು,” ಎಂದರು.

ಅದು ನೀರಿನ ಭಾರ. ಹಸಿಮರ. ಮಾಪಣ್ಣ ಸೊಂಟದ ಚಾಕು ತೆಗೆದು ಒಂದು ತುದಿಯ ಕೆಂಪು ಕೆರೆದ. ಒಳಗೆ ನಡುವೆ ಮೂರು ಬೆರಳಿನಷ್ಟು ಕಂದು ಚೇಗು, ಮರದ ಗಟ್ಟಿ ತಿರುಳು. ಸುತ್ತ ಬಿಳಿ.

“ಸೇಠ್ರೇ, ಇದು ಮಣ್ಣಾಗ ಹುಗಿಯೋ ಮರ ಅಲ್ರೀ.”

“ಎಂತ? ಸಾಗುವಾನಿ ಮಾರಾಯ. ಊರಲ್ಲಿ ನಮ್ಮ ಮನೆ ಬಾಗಿಲು ನೂರು ವರ್ಷದ್ದುಂಟು, ಗೊತ್ತುಂಟಾ?”

“ಅದು ಮುದಿಮರದ್ದು ಇರ್ಬೇಕ್ರೀ. ಮತ್ತ ಬಾಗ್ಲ ಯಾರೂ ಮಣ್ಣಾಗ ಹುಗಿಯಂಗಿಲ್ಲ. ಇದು ಎಳೀದು. ಚೇಗು ನೋಡ್ರಿ, ಇಷ್ಟ. ಉಳದದ್ದೆಲ್ಲ ಬಿಳಿ, ಗೆದ್ದಲಿನ ಊಟ. ಹಸೀ ಮರಕ್ಕ ಬಣ್ಣ ಬಡದಾರ, ಒಳಗಿನ ನೀರು ಹೊರಗ ಬರಂಗಿಲ್ಲ. ಮೂರು ಮಳಿ, ಅಷ್ಟ.”

ಬಳಗದ ಕಾರ್ಯದರ್ಶಿ ಪುಂಡರೀಕಾಕ್ಷ, ನಿವೃತ್ತ ಬ್ಯಾಂಕ್ ಅಧಿಕಾರಿ, ಕನ್ನಡಕ ಸರಿಮಾಡಿಕೊಂಡು ಕೇಳಿದರು: “ಮತ್ತೆ ಯಾವ ಮರ ಹಾಕಬೇಕಪ್ಪಾ?”

ಮಾಪಣ್ಣನನ್ನು ಅಂಥವರು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವನು ಉತ್ಸಾಹದಿಂದ ಹೇಳಿದ. “ಕಲ್ಯಾಣದಾಗ ಹಳೇ ವಾಡೇ, ದೊಡ್ಡ ಮನಿಗೋಳು, ಕೆಡವ್ಲತ್ತಾರ್ರೀ. ಅಲ್ಲಿ ಮುದಿ ಸಾಗ ಸಿಗ್ತದ, ಬರೇ ಚೇಗು. ಇಲ್ಲಂದ್ರ ಮತ್ತಿ, ಇಲ್ಲಿ ಐನ ಅಂತಾರ. ಇಲ್ಲಂದ್ರ ಖೈರ. ಯಾವ್ದ ಮರ ಹಾಕ್ರಿ, ಮಣ್ಣಿಗಿ ಮುಟ್ಟಿಸಬ್ಯಾಡ್ರಿ. ಕಳಂಬೋಲಿಯಾಗ ಕಬ್ಬಿಣದ ಬೂಟು ಮಾಡಿ ಕೊಡ್ತಾರ. ಕಾಂಕ್ರೀಟಿನ ಮ್ಯಾಲ ಬೂಟು, ಬೂಟಿನಾಗ ಕಂಬ. ಕೊಳಿಯೋದು ಯಾವಾಗ್ಲೂ ನೆಲದ ಮಟ್ಟಕ್ಕರೀ. ಗೇಣು ಕೆಳಗ, ಗೇಣು ಮ್ಯಾಲ. ಅಲ್ಲಿ ನೀರೂ ಅದ, ಗಾಳೀನೂ ಅದ.”

ಶಂಭು ಜೋರಾಗಿ ನಕ್ಕ. “ಕೇಳಿದಿರಾ? ಗುಲ್ಬರ್ಗ ನಮಗೆ ಮರದ ಪಾಠ ಹೇಳುವುದು! ಮರ ಹೊರುವವನಿಗೇ ಮರ ಗೊತ್ತಿರುವುದಾದರೆ ಹೆಣ ಹೊರುವವರೆಲ್ಲ ಡಾಕ್ಟರೇ.”

ಎಲ್ಲರೂ ನಕ್ಕರು. ಪುಂಡರೀಕಾಕ್ಷರೂ ನಕ್ಕರು. ಶಂಭು ಹತ್ತಿರ ಬಂದ. ಆಗ ಅವನು ನಗುತ್ತಿರಲಿಲ್ಲ.

“ಕೆರೆದವ ನೀನೇ ಅಲ್ವ? ನೀನೇ ಹಚ್ಚು.”

ಕೆಂಪು ಬಣ್ಣದ ಡಬ್ಬಿ ತರಿಸಿದ. ಕುಂಚ ತರಿಸಲಿಲ್ಲ. ಮಾಪಣ್ಣ ಎಲ್ಲರ ಎದುರು ಮಂಡಿಯೂರಿ ಬೆರಳಿನಿಂದ ಆ ಬಿಳಿಯ ಮೇಲೆ ಕೆಂಪು ಸವರಿದ. ಆಮೇಲೆ ಹತ್ತು ಕಂಬಗಳನ್ನೂ ಅವನ ಹಮಾಲರ ಟೋಳಿಯೇ ಗುಂಡಿಗೆ ಇಳಿಸಿತು. ಅತಿಥಿಗಳಿಗೆ ಬಾಳೆಲೆ ಊಟ. ಟೋಳಿಗೆ ಹಿಂದಿನ ಗೋಡೆಯ ಬದಿ, ಹಳೇ ಪೇಪರಿನ ಮೇಲೆ. ಊಟ ಮಾಡುವಾಗ ಅನ್ನಕ್ಕೆ ಬಣ್ಣದ ವಾಸನೆ.

ಅವನು ಹೇಳಿದಂತೆಯೇ ಆಯಿತು. 2009, 2010, 2011: ಮೂರು ಮಳೆ. ನಾಲ್ಕನೆಯದರಲ್ಲಿ ಕಂಬ ಬಿತ್ತು. ಅದರ ಕೆಳಗೆ ಅವನ ಹೆಂಡತಿಯೇ ಇದ್ದಳು.

ಮಾಪಣ್ಣ ವಾಶಿಯ ಆಸ್ಪತ್ರೆಯಲ್ಲಿ ಸ್ಟ್ರೆಚರ್ ಹಿಡಿದು ನಿಂತಿದ್ದಾಗ ವಖಾರಿಯ ಟೆಂಪೋ ಬಂದು ಮುರಿದ ಕಂಬವನ್ನು ಎತ್ತಿಕೊಂಡು ಹೋಯಿತು. ಸಂಜೆ ಐದಕ್ಕೆ ಪೊಲೀಸರು ಬಂದಾಗ ಅಲ್ಲಿದ್ದದ್ದು ಒಂದು ಗುಂಡಿ, ಗುಂಡಿಯಲ್ಲಿ ಮಳೆನೀರು. ಕೇಸು ಮಾಪಣ್ಣನ ಮೇಲೆ ಬಿತ್ತು: ನಿರ್ಲಕ್ಷ್ಯದಿಂದ ತೀವ್ರ ಗಾಯ.

ಶಂಭು ಆಸ್ಪತ್ರೆಗೆ ಎಳನೀರು ತಂದ. ಮೆತ್ತಗೆ ಮಾತಾಡಿದ. “ತಪ್ಪು ಕಬೂಲ್ ಮಾಡಿ ಬಿಡು ಮಾರಾಯ. ದಂಡ ಹಾಕಿ ಬಿಡ್ತಾರೆ, ಒಂದೇ ದಿನ. ಇವಳ ಔಷಧ ಬಳಗ ನೋಡಿಕೊಳ್ತದೆ. ಹಟ ಮಾಡಿದ್ರೆ ಎರಡೂ ಇಲ್ಲ.”

2013ರ ಜನವರಿಯಲ್ಲಿ ಬೇಲಾಪುರ ಕೋರ್ಟಿನಲ್ಲಿ ಅವನು ಕಬೂಲ್ ಮಾಡಿದ. ಔಷಧ ಫೆಬ್ರುವರಿಯ ತನಕ ಬಂತು.

ಅಲ್ಲಿಗೆ ಮುಗಿಯಲಿಲ್ಲ. ಚಂದ್ರಬಾಯಿಯ ತಮ್ಮ ಬಾಲಪ್ಪ ಅದೇ ವಖಾರಿಯಲ್ಲಿ ಟೋಳಿಯ ಮುಕಾದಮ, ಹಮಾಲರ ಮೇಸ್ತ್ರಿ. ಕಂಬ ನೆಟ್ಟ ದಿನ ಅವನು ಅಲ್ಲಿರಲಿಲ್ಲ. ಕೋರ್ಟಿನ ಸುದ್ದಿ ಕೇಳಿ ತುರ್ಭೆಯ ಝೋಪಡಿಯ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ.

“ಮಾಮಾ, ಜಜ್ಜನ ಮುಂದ ನೀನ ಒಪ್ಪಿದಿ. ನಮ್ಮಕ್ಕನ ಸೊಂಟ ನೀನ ಮುರದಿ.” ಹೊಸ್ತಿಲಿಗೆ ಉಗುಳಿದ. “ಇವತ್ತಿನಿಂದ ನನ್ನ ಟೋಳಿಯಾಗ ನೀ ಇಲ್ಲ. ಯಾರ ಟೋಳಿಯಾಗೂ ಇರಂಗಿಲ್ಲ, ನೋಡ್ಕೊ.”

ಹಾಗೆಯೇ ಆಯಿತು. ಕಂಬ ನೆಡಲು ಬಾರದವನು ಎಂಬ ಹೆಸರು ಹಮಾಲರ ನಡುವೆ ಓಡಾಡಿತು. ಮರದ ಕಸುಬಿನಲ್ಲಿ ಹದಿನಾಲ್ಕು ವರ್ಷ ಗಳಿಸಿದ ಹೆಸರು ಒಂದು ಸಹಿಯಲ್ಲಿ ಹೋಯಿತು. ಅವನು ಮಾರ್ಕೆಟಿನಲ್ಲಿ ಈರುಳ್ಳಿ ಚೀಲ ಹೊತ್ತ.

ಪ್ರತಿದಿನ ಬೆಳಿಗ್ಗೆ ಚಂದ್ರಬಾಯಿಯನ್ನು ಬೆನ್ನ ಮೇಲೆ ಹೊತ್ತು ಬಸ್ತಿಯ ಸಾರ್ವಜನಿಕ ಶೌಚಾಲಯಕ್ಕೆ ಒಯ್ಯುತ್ತಿದ್ದ. ಸಾಲಿನಲ್ಲಿ ನಿಲ್ಲುತ್ತಿದ್ದ. ಹೆಂಗಸರ ಬಾಗಿಲಲ್ಲಿ ನೆರೆಮನೆಯ ಪದ್ಮಾವತಿ ಅವಳನ್ನು ಇಳಿಸಿಕೊಂಡು ಒಳಗೆ ನಡೆಸುತ್ತಿದ್ದಳು. ಸಾಲಿನ ಹೆಂಗಸರು ಮುಖ ತಿರುಗಿಸುತ್ತಿದ್ದರು. ಭಾರ ಅಳೆಯುವುದು ಅವನ ಕಸುಬು. ಹೆಂಡತಿ ತಿಂಗಳಿಂದ ತಿಂಗಳಿಗೆ ಹಗುರಾಗುತ್ತಿರುವುದು ಬೆನ್ನಿಗೆ ತಿಳಿಯುತ್ತಿತ್ತು.

ಒಂದು ದಿನ ಬೆನ್ನ ಮೇಲಿಂದಲೇ ಅವಳು ಕೇಳಿದಳು. “ಯಾಕ ಒಪ್ಪಿದಿ?”

“ನಿನ್ನ ಔಷಧಕ್ಕ.”

“ನನಗೇನ ಕೇಳಿದೇನು? ಔಷಧ ಬ್ಯಾಡಾಗಿತ್ತು ನನಗ. ಆ ಒಂಬತ್ತೂ ಬೀಳ್ಬೇಕು. ಆ ಸೇಠ ನೋಡ್ಲತ್ತಿರ್ಬೇಕು. ನಾನೂ ನೋಡ್ಬೇಕು.”

ಬೀಳಿಸುವುದು ಕಷ್ಟವಲ್ಲ. ಬಿದ್ದದ್ದು ಮತ್ತೆ ಮಾಯವಾಗಬಾರದು. ಅದೇ ಕಷ್ಟ. ಮಾಪಣ್ಣ ಮೊದಲು ಸರಿಯಾದ ದಾರಿಯಲ್ಲೇ ಹೋದ. ಒಂಬತ್ತು ಕಂಬಗಳ ಬುಡ ಅಗೆದು ನೋಡಿ ಎಂದು ಬಳಗಕ್ಕೆ ಅರ್ಜಿ ಕೊಟ್ಟ. ಪುಂಡರೀಕಾಕ್ಷರು ಸ್ವೀಕೃತಿ ಸಹಿ ಹಾಕಿ ಫೈಲಿನಲ್ಲಿಟ್ಟರು. ಪೊಲೀಸರ ಬಳಿ ಹೋದ. ಕೇಸು ಮುಗಿದಿದೆ ಎಂದರು. ಕೊನೆಗೆ ಬೇಲಾಪುರ ಕೋರ್ಟಿನ ಹೊರಗೆ ಚಹಾದ ಗಾಡಿಯ ಬಳಿ ಒಬ್ಬ ವಕೀಲರ ಮುನ್ಶಿ ಸಿಕ್ಕ. ಹುಮನಾಬಾದಿನವನು. ಅವನು ಗ್ಲಾಸು ಊದುತ್ತ ಹೇಳಿದ:

“ಜಪ್ತಿ ಆಗದ ಮಾಲು ಇಲ್ಲದ ಮಾಲು, ತಮ್ಮಾ. ಪೊಲೀಸ್ರು ಪಂಚನಾಮೆ ಬರೀಬೇಕಂದ್ರ ಕೇಸ್ ಬೇಕು. ಸುಮ್ಮ ಯಾರ್ದರ ವಸ್ತು ಮುರದ್ರ ಬುಕ್ಕಿನಾಗ ನೋಂದು ಮಾಡಿ ಬಿಡ್ತಾರ, ಜಾಗಕ್ಕೂ ಬರಂಗಿಲ್ಲ. ಕೀಲಿ ಒಡದು ಒಳಗ ಹೊಕ್ಕು ಮುರದ್ರ ಎಫ್‌ಐಆರ್ ಆಗ್ತದ. ಬರ್ತಾರ, ಅಳೀತಾರ, ಬರೀತಾರ, ಒಯ್ತಾರ.” ಆಮೇಲೆ ಅವನ ಮುಖ ನೋಡಿ ಗ್ಲಾಸು ಕೆಳಗಿಟ್ಟ. “ಏ, ನೀ ಏನ್ ಮಾಡ್ತಿ?”

ಮಾಪಣ್ಣ ಚಹಾದ ದುಡ್ಡು ಕೊಟ್ಟು ಎದ್ದ.

ಜೂನ್ 2, ಭಾನುವಾರ. ಮಳೆ ಇನ್ನೂ ಬಂದಿರಲಿಲ್ಲ. ಹತ್ತು ಗಂಟೆಗೆ ಬಳಗದ ಆಫೀಸ್ ಕೋಣೆಯಲ್ಲಿ ಸಮಿತಿಯ ಸಭೆ ಎಂಬುದು ಅವನಿಗೆ ಗೊತ್ತಿತ್ತು. ಪುಂಡರೀಕಾಕ್ಷರೂ ಇನ್ನು ನಾಲ್ವರೂ ಹಿಂಬಾಗಿಲಿಂದ ಬಂದು ಬಾಗಿಲು ಹಾಕಿಕೊಂಡು ಕೂತಿದ್ದರು; ಫ್ಯಾನಿನ ಸದ್ದಿಗೆ ಅಂಗಳದ್ದು ಒಳಗೆ ಕೇಳುತ್ತಿರಲಿಲ್ಲ. ಶಂಭು ವಖಾರಿಯಿಂದ ತಡವಾಗಿ ಬರುವವನಿದ್ದ. ಮಾಪಣ್ಣ ಹೆಂಡತಿಯನ್ನು ರಿಕ್ಷಾದಲ್ಲಿ ತಂದು ರಸ್ತೆಯ ಆಚೆ ನೆರಳಿನಲ್ಲಿ ನಿಲ್ಲಿಸಿದ. ಹಾರೆಯಿಂದ ಗೇಟಿನ ಕೀಲಿ ಒಡೆದ. ಎರಡೇ ಏಟು.

ಮಂಟಪದ ಕೆಳಗೆ ಯಾರೂ ಇರಲಿಲ್ಲ. ಆದರೂ ಮೂರು ಸಲ ಕೂಗಿ ನೋಡಿದ. ಆಮೇಲೆ ಒಂದೊಂದು ಕಂಬದ ಬುಡಕ್ಕೂ ಹಾರೆ ಹಾಕಿದ. ಹಾರೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಬಣ್ಣದ ಸಿಪ್ಪೆ ಒಡೆದು ಒಳಗಿನಿಂದ ಮಣ್ಣಿನ ಗೂಡು, ಹಿಟ್ಟಿನಂಥ ಪುಡಿ, ಬಿಳಿ ಹುಳು. ಬುಡ ಕೊಳೆತು ಗೆದ್ದಲಿಗೆ ದಾರಿ ಕೊಟ್ಟಿತ್ತು. ಗೆದ್ದಲು ಬಣ್ಣದ ಮರೆಯಲ್ಲಿ ತುದಿಯ ತನಕ ಹತ್ತಿ ಬಿಳಿಮರವನ್ನೆಲ್ಲ ತಿಂದಿತ್ತು. ನಿಂತದ್ದು ಬರೀ ಬಣ್ಣ ಮತ್ತು ಮೂರು ಬೆರಳಿನ ಚೇಗು.

ಲಾರಿಯಿಂದ ದಿಮ್ಮಿ ಇಳಿಸುವ ಚೈನ್ ರಾಟೆಯನ್ನು ಬಾಡಿಗೆಗೆ ತಂದಿದ್ದ. ಒಂದು ಕೊಂಡಿ ಅಂಗಳದಾಚೆಯ ಗುಲ್‌ಮೊಹರ್ ಮರಕ್ಕೆ, ಇನ್ನೊಂದು ಮಾಡಿನ ತೊಲೆಗೆ. ಜಗ್ಗಿದ. ಚೈನು ಬಿಗಿಯಿತು. ಮತ್ತೆ ಜಗ್ಗಿದ. ಕಂಬಗಳು ಒಂದರ ಹಿಂದೆ ಒಂದು ಸದ್ದಿಲ್ಲದೆ ಬಾಗಿದವು. ಸದ್ದು ಮಾಡಿದ್ದು ತಗಡು ಮಾತ್ರ. ಅರ್ಧ ಕೋಪರಖೈರಣೆಗೆ ಕೇಳುವಷ್ಟು.

ಪುಂಡರೀಕಾಕ್ಷರು ಕೈಯಲ್ಲಿ ಪೆನ್ನು ಹಿಡಿದೇ ಓಡಿ ಬಂದರು. “ಏನಿದು! ಏನಿದು ಅನಾಗರಿಕತೆ!”

“ಕಂಪ್ಲೇಂಟ್ ಕೊಡ್ರಿ ಸರ್,” ಎಂದ ಮಾಪಣ್ಣ. ಉಸಿರು ಏರಿತ್ತು, ಮಾತು ಏರಿರಲಿಲ್ಲ. “ಕೀಲಿ ಒಡದು ಒಳಗ ಬಂದೀನಿ. ಅದು ಬರೀರಿ. ಮರೀಬ್ಯಾಡ್ರಿ.”

“ಬರೀತೇನೆ! ಒಳಗೆ ಹಾಕಿಸ್ತೇನೆ ನಿನ್ನನ್ನು!”

ಬ್ಯಾಂಕಿನ ಮನುಷ್ಯ. ಬರೆಯುವುದರಲ್ಲಿ ತಪ್ಪು ಮಾಡುವವರಲ್ಲ. ಬೀಗ ಒಡೆದು ಅತಿಕ್ರಮ ಪ್ರವೇಶ, ಪ್ರಥಮ ದರ್ಜೆಯ ಒಂಬತ್ತು ಸಾಗವಾನಿ ಕಂಬಗಳ ನಾಶ, ಆರೋಪಿ ಸ್ಥಳದಲ್ಲೇ ಇದ್ದಾನೆ. ಸಹಿ, ಮೊಹರು. ರಿಕ್ಷಾ ಹತ್ತಿ ಠಾಣೆಗೆ ಹೋದರು. ಹನ್ನೆರಡಕ್ಕೆ ಎಫ್‌ಐಆರ್ ಆಗಿತ್ತು. ಹನ್ನೆರಡೂವರೆಗೆ ಒಬ್ಬ ಹವಾಲ್ದಾರ, ಒಬ್ಬ ಕಾನ್‌ಸ್ಟೇಬಲ್, ಅಳತೆಯ ಟೇಪು. ಎದುರಿನ ಪಾನಿನ ಅಂಗಡಿಯವನೂ ಇಸ್ತ್ರಿಯವನೂ ಪಂಚರು. ಅಷ್ಟೂ ಹೊತ್ತು ಮಾಪಣ್ಣ ತಗಡಿನ ಪಕ್ಕ ಕುಳಿತಿದ್ದ. ಯಾರೂ ಹತ್ತಿರ ಬರಲಿಲ್ಲ.

ಹವಾಲ್ದಾರ ಕಂಬದ ತುದಿಗೆ ಬೂಟಿನಿಂದ ಒದ್ದ. ಪುಡಿ ಉದುರಿತು.

“ಹೇ ಕಾಯ್? ಸಾಗ್?”

“ಸಾಗ್ ಆಹೆ ಸಾಹೇಬ್. ಪಣ್ ಕಚ್ಚಾ,” ಎಂದ ಮಾಪಣ್ಣ. “ಮಾಪ್ ಘ್ಯಾ. ಲಿಹಾ.” ಸಾಗವಾನಿಯೇ, ಆದರೆ ಎಳೆಯದು; ಅಳೆದು ಬರೆದುಕೊಳ್ಳಿ.

ಅಳೆದರು. ಬರೆದರು. ಒಂದನೇ ಕಂಬ: ದಪ್ಪ ಎಂಟು ಇಂಚು, ಗಟ್ಟಿ ಮರ ಎರಡೂವರೆ ಇಂಚು, ಉಳಿದದ್ದು ಪುಡಿ, ಗೆದ್ದಲು. ಎರಡನೇ ಕಂಬ: ಗಟ್ಟಿ ಮರ ಎರಡು ಇಂಚು. ಮೂರನೇ ಕಂಬ. ಪ್ರತಿ ಅಳತೆಗೂ ಪುಂಡರೀಕಾಕ್ಷರು ಒಂದೊಂದು ಹೆಜ್ಜೆ ಹತ್ತಿರ ಬಂದರು. ಐದನೆಯದಕ್ಕೆ ಬಗ್ಗಿ ತಾವೇ ಬೆರಳು ಹಾಕಿದರು. ಬೆರಳು ಗಿಣ್ಣಿನ ತನಕ ಒಳಗೆ ಹೋಯಿತು. ಕರವಸ್ತ್ರ ತೆಗೆದು ಒರೆಸಿಕೊಂಡರು.

ಶಂಭು ಆಗ ಬಂದ. ಹಿಂದೆ ಟೆಂಪೋ, ಟೆಂಪೋದಲ್ಲಿ ಬಾಲಪ್ಪನ ಟೋಳಿ. ಕಳೆದ ಸಲದಂತೆಯೇ ಎತ್ತಿಸಿಕೊಂಡು ಹೋಗುವ ಲೆಕ್ಕ. ಖಾಕಿ ಕಂಡು ನಿಂತ. ಪುಂಡರೀಕಾಕ್ಷರನ್ನು ಪಕ್ಕಕ್ಕೆ ಕರೆದ.

“ಕಂಪ್ಲೇಂಟ್ ಯಾಕೆ ಕೊಟ್ಟದ್ದು? ಹಿಂದೆ ತೆಗೊಳ್ಳಿ. ಪಾಪ, ಬಡವ.”

“ನಂಬರ್ ಬಿದ್ದಿದೆ. ನಾನು ಸಹಿ ಹಾಕಿದ್ದೇನೆ ಶಂಭಣ್ಣ. ಪ್ರಥಮ ದರ್ಜೆ ಅಂತ ಬರೆದಿದ್ದೇನೆ.” “ಬಿದ್ದ ಆ ಹತ್ತನೆಯದೂ ಇದೇ ಮರವಾ?”

ಶಂಭು ಅವರನ್ನು ಬಿಟ್ಟು ತಿರುಗಿದ. ಮಾಪಣ್ಣನ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತ. ಹದಿನಾಲ್ಕು ವರ್ಷದಲ್ಲಿ ಅವನು ಮಾಪಣ್ಣನ ಎತ್ತರಕ್ಕೆ ಕೂತದ್ದು ಅದೇ ಮೊದಲು.

“ಮಾಪಣ್ಣ, ನೋಡು. ಚಂದ್ರಬಾಯಿಗೆ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸುವ. ವಖಾರಿಗೆ ನಾಳೆಯಿಂದ ಬಾ, ಮುಕಾದಮ ಆಗಿ. ಈ ಮರ ನಾನೇ ಕೊಟ್ಟದ್ದು, ನನ್ನದೇ ಮಾಲು, ಮುರಿಯಲಿಕ್ಕೆ ನಾನೇ ಹೇಳಿದ್ದು ಅಂತ ಒಂದು ಮಾತು ಹೇಳು. ಅಷ್ಟೇ. ಪರಊರಲ್ಲಿ ನಾವು ನಾವು ಕನ್ನಡದವರು ಅಲ್ವ ಮಾರಾಯ?”

“ಇಷ್ಟು ದಿನ ಗುಲ್ಬರ್ಗ ಇದ್ದೆ. ಇವತ್ತ ಕನ್ನಡದವ ಆದ್ನೇನ್ರಿ?”

“ಜೈಲಿಗೆ ಹೋಗ್ತೀಯ!”

“ಹೋಗ್ತೀನಿ. ಕೋರ್ಟಿಗೂ ಹೋಗ್ತೀನಿ. ಈ ಸಲ ಕಬೂಲ್ ಮಾಡಂಗಿಲ್ಲ. ಕೇಸ್ ನಡೀಲಿ. ಒಂದೊಂದ ಕಂಬ ಜಜ್ಜನ ಮುಂದ ಬರ್ಲಿ. ಯಾರ ವಖಾರಿದು, ಯಾರು ಕೊಟ್ಟಾರ, ಯಾರು ಬಣ್ಣ ಹಚ್ಚಿಸ್ಯಾರ, ಎಲ್ಲಾ ಕೇಳ್ಲಿ. ನೀವು ಸಾಕ್ಷಿಗಿ ಬರ್ಬೇಕಾಗ್ತದ ಸೇಠ್ರೇ. ಕಟಕಟೆಯಾಗ ನಿಂದರ್ಬೇಕಾಗ್ತದ. ನಾ ಎದುರಿಗಿ ಕುಂತು ನೋಡ್ತೀನಿ.”

ಹವಾಲ್ದಾರ ಪಂಚರ ಸಹಿ ತೆಗೆದುಕೊಂಡು ಟೆಂಪೋ ಕಡೆ ಕೈ ಮಾಡಿದ. ಕಂಬಗಳನ್ನು ಅದರಲ್ಲೇ ಠಾಣೆಗೆ ಒಯ್ಯಬೇಕು.

“ಗಾಡಿ ಬಂದ್ ಆಗಿದೆ ಸಾಹೇಬ್,” ಎಂದ ಶಂಭು. ಈಗ ತಾನೇ ಬಂದ ಟೆಂಪೋ ಹಿಂದೆ ಇನ್ನೂ ಬಿಸಿಯಾಗಿ ನಿಂತಿತ್ತು.

ಹವಾಲ್ದಾರ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. ಟೋಳಿಯ ಕಡೆ ತಿರುಗಿದ. “ಉಚಲಾ ರೇ. ಖಾಂದ್ಯಾವರ್.” ಹೆಗಲ ಮೇಲೆ ಎತ್ತಿ. ಠಾಣೆ ಅರ್ಧ ಕಿಲೋಮೀಟರ್.

ಬಾಲಪ್ಪ ಸೇಠನ ಮುಖ ನೋಡಿದ. ಸೇಠ ಬೇರೆ ಕಡೆ ನೋಡುತ್ತಿದ್ದ. ಅಂಥ ಕಂಬಕ್ಕೆ ನಾಲ್ವರು ಎಂಬುದು ಟೋಳಿಯ ರೂಢಿ. ನಾಲ್ವರೂ ಬಗ್ಗಿದರು. ಮೊಣಕಾಲು ಬಿಗಿದು, ಉಸಿರು ಹಿಡಿದು, ಒಂದೇ ಕೂಗಿಗೆ ಎತ್ತಿದರು. ಕಂಬ ಗಾಳಿಗೆ ಹಾರಿದಂತೆ ಮೇಲೆದ್ದಿತು. ಹಿಂದಿನ ಇಬ್ಬರು ಮುಗ್ಗರಿಸಿದರು. ಬಾಲಪ್ಪ ಕಂಬವನ್ನು ಕೆಳಗಿಟ್ಟ. ಉಳಿದ ಮೂವರಿಗೆ ಸರಿಯಲು ಹೇಳಿದ. ಒಬ್ಬನೇ ಬಗ್ಗಿ, ಒಬ್ಬನೇ ಎತ್ತಿ, ಹೆಗಲ ಮೇಲಿಟ್ಟು ಸುಮ್ಮನೆ ನಿಂತ.

ಹೆಗಲಿಗೆ ಯಾರೂ ಸುಳ್ಳು ಹೇಳಲಾರರು. ಅವನ ಮುಖ ನಿಧಾನವಾಗಿ ಬದಲಾಯಿತು. ಮಾಪಣ್ಣನ ಕಡೆ ನೋಡಲು ಅವನಿಗೆ ಆಗಲಿಲ್ಲ. ಸೇಠನ ಕಡೆ ನೋಡಿದ.

“ಇದರ ಕೆಳಗ ನಮ್ಮಕ್ಕನ್ನ ಕಸಾ ಹೊಡೀಲಿಕ್ಕ ಕಳಿಸಿದಿ ಏನಲೇ?”

ಏನಲೇ ಎಂದ. ಟೋಳಿಯೆಲ್ಲ ಕೇಳಿತು. ಯಾರೂ ಅವನನ್ನು ತಡೆಯಲಿಲ್ಲ. ಒಬ್ಬೊಬ್ಬರೇ ಬಂದರು. ಒಬ್ಬ ಮನುಷ್ಯ, ಒಂದು ಕಂಬ. ಟೋಳಿಯಲ್ಲಿ ಎಂಟು ಮಂದಿ. ಒಂಬತ್ತನೆಯದು ನೆಲದಲ್ಲಿ ಉಳಿಯಿತು. ಅದರ ಮೇಲೆ ಶಂಭುವಿನ ತಂದೆಯ ಹೆಸರು. ಶಂಭು ಬಗ್ಗಿ, ಜೇಬಿನಿಂದ ನಾಣ್ಯ ತೆಗೆದು ಫಲಕದ ಸ್ಕ್ರೂ ತಿರುಗಿಸತೊಡಗಿದ. ನಾಣ್ಯ ಜಾರುತ್ತಿತ್ತು.

“ಓ ಶೇಟ್!” ಹವಾಲ್ದಾರ ಅರಚಿದ. “ಮುದ್ದೇಮಾಲ್ ಆಹೆ. ಹಾತ್ ಲಾವೂ ನಕಾ!”

ಕೇಸಿನ ಮಾಲು, ಮುಟ್ಟಬೇಡ. ಶಂಭು ಕೈ ತೆಗೆದ. ಮಾಪಣ್ಣ ಎದ್ದು ಬಂದ. ಕಾನ್‌ಸ್ಟೇಬಲ್ ಅ‍ವನ ಎಡಗೈ ಹಿಡಿದಿದ್ದ. ಬಲಗೈ ಸಾಕಾಯಿತು. ಒಂಬತ್ತನೆಯದನ್ನು ಅವನೇ ಹೆಗಲಿಗೇರಿಸಿದ.

ಮೆರವಣಿಗೆ ಗೇಟು ದಾಟಿತು. ಭಾನುವಾರದ ಮಧ್ಯಾಹ್ನ, ರಸ್ತೆ ತುಂಬ ಜನ. ಕಿರಾಣಿಯವರು, ಹೋಟೆಲಿನವರು, ಔಷಧಿ ಅಂಗಡಿಯವರು ಮೆಟ್ಟಿಲಿಗೆ ಬಂದು ನಿಂತರು. ಬಿಸಿಲಿಗೆ ಹಿತ್ತಾಳೆ ಹೊಳೆಯಿತು. ಕಂಬಗಳ ಬುಡದಿಂದ ಪುಡಿ ಸೋರಿ ಡಾಂಬರಿನ ಮೇಲೆ ಒಂಬತ್ತು ಗೆರೆ ಬಿದ್ದವು. ಶಂಭು ಫೋನು ಕಿವಿಗಿಟ್ಟುಕೊಂಡು ಪಕ್ಕದಲ್ಲೇ ನಡೆಯುತ್ತಿದ್ದ. ಆ ಕಡೆಯಿಂದ ಯಾರೂ ಮಾತಾಡುತ್ತಿದ್ದಂತೆ ಕಾಣಲಿಲ್ಲ.

ಚಂದ್ರಬಾಯಿಯ ರಿಕ್ಷಾ ಮುಂದೆ ಬಂದು ಬಾಲಪ್ಪನ ಜೊತೆಗೆ ಸಾಗಿತು. ಅವನು ಬೇಗ ಮುಗಿಸಿಬಿಡಬೇಕೆಂದು ತಲೆ ತಗ್ಗಿಸಿ ದಾಪುಗಾಲು ಹಾಕುತ್ತಿದ್ದ. ಅವಳು ಕಂಬಿ ಹಿಡಿದು, ಸೊಂಟದ ನೋವಿಗೆ ಹಲ್ಲು ಕಚ್ಚಿ ಹೊರಗೆ ಬಾಗಿದಳು.

“ಬಾಲ್ಯಾ, ಸಾವಕಾಶ ನಡಿ. ಎಲ್ಲಾರೂ ಹೆಸರು ಓದ್ಲಿ.”